ಡಿಸ್ಲೆಕ್ಸಿಯಾ ತಪಾಸಣೆಯವರು ನಮ್ಮ ಶಾಲೆಗೆ ಬಂದಾಗ: ಐದಕ್ಕೆ ಮೂರೂವರೆ

ಹೋದ ನವೆಂಬರಿನಲ್ಲಿ ಒಂದು ಸಂಸ್ಥೆಯವರು ನಮ್ಮ ಶಾಲೆಗೆ ಬಂದು ಡಿಸ್ಲೆಕ್ಸಿಯಾ ತಪಾಸಣೆ ಮಾಡಿದರು. ಡಿಸ್ಲೆಕ್ಸಿಯಾ ಅಂದರೆ ಬುದ್ಧಿ ಚೆನ್ನಾಗಿದ್ದೂ ಓದು ಬರಹ ಕಷ್ಟವಾಗುವ ತೊಂದರೆ. ಆಮೇಲೆ ಮಾರ್ಚ್‌ವರೆಗೆ ವಾರಕ್ಕೆರಡು ಸಲ ಬಂದು ಪಾಠವನ್ನೂ ಮಾಡಿದರು. ದುಡ್ಡು ಏನೂ ತಗೊಳ್ಳಲಿಲ್ಲ, ಯಾವುದೋ ಕಂಪನಿ ಸಮಾಜಸೇವೆಗೆ ಎತ್ತಿಡುವ ಸಿಎಸ್‌ಆರ್ ಹಣವಂತೆ. ಪುಕ್ಕಟೆ ಸಿಕ್ಕಿದ್ದಕ್ಕೂ ಯಾರಾದರೂ ವಿಮರ್ಶೆ ಬರೀತಾರಾ ಅಂತ ನಮ್ಮ ಹೆಡ್‌ಮಾಸ್ಟರ್ ನಕ್ಕರು. ಪುಕ್ಕಟೆ ಹೇಗಾಯ್ತು? ಮಕ್ಕಳ ಹೊತ್ತು ಹೋಗಿದೆ, ನನ್ನ ಹೊತ್ತು ಹೋಗಿದೆ, ಒಬ್ಬ ತಾಯಿಯ ಮೂರು ದಿನದ ಕೂಲಿ ಹೋಗಿದೆ.

ಸಂಸ್ಥೆಯ ಹೆಸರು ಹಾಕುವುದಿಲ್ಲ. ದೂರುಗಳಿವೆ, ಆದರೆ ಬಂದಿದ್ದ ಇಬ್ಬರು ಹುಡುಗಿಯರು ಚಿನ್ನದಂಥವರು. ಹೆಸರು ಹಾಕಿದರೆ ಬೈಗುಳ ಹೋಗುವುದು ಅವರಿಗೇ. ಇಂಥ ಸಂಸ್ಥೆಗಳು ಈಗ ಬೇಕಾದಷ್ಟಿವೆ. ನಿಮ್ಮ ಕ್ಲಸ್ಟರಿಗೂ ಒಂದು ಬರಬಹುದು. ಆಗ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದು, 41 ಮಕ್ಕಳು, ನಾವಿಬ್ಬರು. ನಲಿ-ಕಲಿ, ಅಂದರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ತರಗತಿ, ನನ್ನ ಪಾಲು. ನಲಿ-ಕಲಿ ಹುಟ್ಟಿದ್ದೇ ನಮ್ಮ ತಾಲ್ಲೂಕಿನಲ್ಲಿ, 1995ರಲ್ಲಿ. ಅದರ ಮೇಲೆ ನನಗೆ ಅಭಿಮಾನವಿದೆ. ಆದರೆ ಒಂದು ಮಾತು ಹೇಳಲೇಬೇಕು. ಅಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ಒಬ್ಬ ಮೊದಲ ಅಕ್ಷರಗುಂಪು ‘ರಗಸದಅ’ದಲ್ಲೇ ಮೂರು ತಿಂಗಳು ಕೂತರೂ ಯಾರೂ ಗದರುವುದಿಲ್ಲ. ಒಳ್ಳೆಯದೇ. ಆದರೆ ನಿಧಾನವಾಗಿ ಕಲಿಯುವ ಮಗು ಯಾವುದು, ನಿಜಕ್ಕೂ ಸಿಕ್ಕಿಹಾಕಿಕೊಂಡಿರುವ ಮಗು ಯಾವುದು ಅನ್ನೋದು ಮೂರನೇ ಕ್ಲಾಸಿನವರೆಗೆ ಕಾಣಿಸುವುದೇ ಇಲ್ಲ. ನಾಲ್ಕನೇ ಕ್ಲಾಸಿಗೆ ಬಂದು ಬರೀ ಪಠ್ಯಪುಸ್ತಕ ಹಿಡಿದಾಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಮಗುವಿಗೂ ಗೊತ್ತಾಗಿರುತ್ತದೆ, ತಾನು ದಡ್ಡ ಅಂತ.

ನನ್ನ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ನನ್ನನ್ನು ಎರಡು ವರ್ಷ ಏಮಾರಿಸಿದ್ದ. ಅವನ ತಾತ ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುವವರು. ಹುಡುಗನಿಗೆ ಕಿವಿಯೇ ಪುಸ್ತಕ. ಪಾಠವನ್ನು ನಾನು ಎರಡು ಸಲ ಓದಿದರೆ ಸಾಕು, ಮೂರನೇ ಸಲ ಅವನು ರಾಗ ಸಮೇತ ಒಪ್ಪಿಸುತ್ತಿದ್ದ. ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತಾ ಥೇಟ್ ಓದುವವರ ಹಾಗೆ. ಒಂದು ದಿನ ನಾನು ಹಿಂದಿನಿಂದ ಬಗ್ಗಿ ನೋಡಿದೆ. ಬಾಯಿ ಇಡೀ ಪುಟ ಮುಗಿಸಿತ್ತು. ಬೆರಳು ಇನ್ನೂ ಮೂರನೇ ಸಾಲಿನಲ್ಲಿತ್ತು.

ಅವತ್ತು ಬೈದೆ. ಈಗಲೂ ಅದು ನೆನಪಾದರೆ ಒಂಥರಾ ಆಗುತ್ತದೆ.

ತಂಡದವರು ಬಂದಿದ್ದು ಅದಾದ ಎರಡು ತಿಂಗಳಿಗೆ. ಮೊದಲು ಬಿಆರ್‌ಸಿಯಲ್ಲಿ (ತಾಲ್ಲೂಕಿನ ಶಿಕ್ಷಕರ ಸಂಪನ್ಮೂಲ ಕೇಂದ್ರ) ಅರ್ಧ ದಿನದ ತರಬೇತಿ ಆಯ್ತು. ಅದರಲ್ಲಿ ಹೇಳಿದ್ದರಲ್ಲಿ ಅರ್ಧ ನಮಗೆ ಮೊದಲೇ ಗೊತ್ತಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ, ಹಳೇ 1995ರ ಕಾಯ್ದೆಯಲ್ಲಿ ಇದ್ದದ್ದು ಏಳೇ, ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಬರುವುದು ಇದರಲ್ಲೇ) ಸೇರಿದ್ದು ಹೊಸದರಲ್ಲಿ, ಇತ್ಯಾದಿ. ಟೀ, ಬಿಸ್ಕತ್ತು, ಗ್ರೂಪ್ ಫೋಟೋ.

ಆಮೇಲೆ ಒಂದು ಪಟ್ಟಿ ಕೊಟ್ಟರು. ನನ್ನ ಮೊದಲ ದೂರು ಈ ಪಟ್ಟಿಯದ್ದೇ.

‘ಮಗು ಬಿ ಮತ್ತು ಡಿ ಅಕ್ಷರಗಳನ್ನು ತಿರುಗಿಸಿ ಬರೆಯುತ್ತದೆಯೇ?’ ಇದು ಪಟ್ಟಿಯ ನಾಲ್ಕನೇ ಪ್ರಶ್ನೆ. ‘ಪದಗಳನ್ನು ಹಿಂದುಮುಂದಾಗಿ ಓದುತ್ತದೆಯೇ?’ ಆರನೆಯದು. ಇವು ಇಂಗ್ಲಿಷ್ ಓದುವ ಮಕ್ಕಳ ಪ್ರಶ್ನೆಗಳು, ಸುಮ್ನೆ ಕನ್ನಡಕ್ಕೆ ಇಳಿಸಿದ್ದಾರೆ. 17 ವರ್ಷದಿಂದ ಕನ್ನಡ ಅಕ್ಷರ ಕಲಿಸುತ್ತಿದ್ದೇನೆ. ನಮ್ಮಲ್ಲಿ ಎಡವುವ ಜಾಗಗಳೇ ಬೇರೆ. ಒತ್ತಕ್ಷರ ಬಿಟ್ಟುಹೋಗುವುದು, ಸೊನ್ನೆ ಹಾರಿಹೋಗುವುದು, ಹ್ರಸ್ವ ದೀರ್ಘ ಒಂದೇ ಆಗುವುದು, ಮ ವ ಅದಲುಬದಲಾಗುವುದು, ಪ ಷ ಗೊಂದಲವಾಗುವುದು. ಆ ಹುಡುಗನಿಗೆ ನಾನು ಹೇಳಿ ಬರೆಸಿದ ಎರಡು ವಾಕ್ಯ ನನ್ನ ಹತ್ತಿರ ಈಗಲೂ ಇದೆ. ನಾನು ಹೇಳಿದ್ದು: ‘ಅಕ್ಕ ಅಂಗಡಿಗೆ ಹೋದಳು. ಬೆಲ್ಲ ತಂದಳು.’ ಅವನು ಬರೆದದ್ದು: ‘ಅಕ ಅಗಡಿಗೆ ಹೊದಳು. ಬೆಲ ತದಳು.’ ಒಂದು ಅಕ್ಷರವೂ ತಿರುಗಿಲ್ಲ, ನೋಡಿ. ಮೂಲ ಅಕ್ಷರಗಳೆಲ್ಲ ಸರಿಯಾಗಿಯೇ ಇವೆ. ಒತ್ತು, ಸೊನ್ನೆ, ದೀರ್ಘ ಮಾತ್ರ ಒಂದೂ ಇಲ್ಲ. ಆ ಪಟ್ಟಿಯ ಪ್ರಕಾರ ಈ ಹುಡುಗ ಪಾಸು!

ಇದನ್ನು ನಾನು ತರಬೇತಿಯಲ್ಲೇ ಎದ್ದು ಹೇಳಿದೆ. ‘ಒಳ್ಳೆ ಪಾಯಿಂಟ್ ಮೇಡಂ, ನೋಟ್ ಮಾಡ್ಕೋತೀವಿ’ ಅಂದರು.

ಹಾಗಂತ ಕನ್ನಡದ್ದೇ ಆದ ಸಾಧನ ಇಲ್ಲ ಅಂತಲ್ಲ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಮಾಡಿದ ‘ಡಾಲಿ’ 2015ರಲ್ಲೇ ಬಂತು. ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇದೆ. ಒಂದು-ಎರಡನೇ ಕ್ಲಾಸಿಗೆ ಬೇರೆ, ಮೂರರಿಂದ ಐದಕ್ಕೆ ಬೇರೆ ಪಟ್ಟಿ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್-ಶ್ರವಣ ಸಂಸ್ಥೆಯಲ್ಲಿ ಕನ್ನಡ ಓದಿನ ಬಗ್ಗೆ ಎಷ್ಟೋ ವರ್ಷಗಳಿಂದ ಕೆಲಸ ನಡೆದಿದೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ನನಗೆ ಬಹಳ ಸಮಾಧಾನ ಕೊಟ್ಟಿತ್ತು. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮಲ್ಲಿ ಗುಣಿತ, ಒತ್ತು ಎಲ್ಲ ಸೇರಿದರೆ ನೂರಾರು. ಅದಕ್ಕೇ ಅಕ್ಷರ ಕಲಿಕೆ ನಾಲ್ಕನೇ ಕ್ಲಾಸಿನವರೆಗೂ ಹಬ್ಬುತ್ತದೆ ಅನ್ನುತ್ತದೆ ಅದು. ಅಂದರೆ ಎರಡನೇ ಕ್ಲಾಸಿನ ಮಗುವಿಗೆ ಒತ್ತು ಬರಲಿಲ್ಲ ಅಂದರೆ ಗಾಬರಿಯಾಗಬೇಕಿಲ್ಲ. ಇಂಗ್ಲಿಷಿನ ಅಳತೆಗೋಲು ಹಿಡಿದರೆ ಗಾಬರಿಯಾಗುತ್ತೇವೆ, ಅಷ್ಟೇ.

ಪಟ್ಟಿ ಏನೇ ಇರಲಿ, ತಪಾಸಣೆಯ ದಿನ ಮಾತ್ರ ಚೆನ್ನಾಗಿತ್ತು. ಬಂದಿದ್ದು ಇಬ್ಬರು ಹುಡುಗಿಯರು, ಒಬ್ಬಳು ಚಾಮರಾಜನಗರದ ಕಡೆಯವಳು. ಅವಳ ಕನ್ನಡ ನಮ್ಮ ಮಕ್ಕಳಿಗೆ ಮನೆಯ ಕನ್ನಡದ ಹಾಗೇ ಇತ್ತು. ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಒಂದೊಂದೇ ಮಗುವನ್ನು ಕೂರಿಸಿಕೊಂಡಳು. ತಲೆಗೆ 15 ನಿಮಿಷ. ನಾನು ದೂರದಿಂದ ಕಿವಿಗೊಟ್ಟೆ.

‘ಕಮಲ ಅನ್ನು.’ ‘ಕಮಲ.’ ‘ಅದ್ರಲ್ಲಿ ಮ ತೆಗೆದ್ಬಿಡು. ಏನುಳೀತು?’

ಬೇರೆ ಮಕ್ಕಳು ‘ಕಲ’ ಅಂತ ತಕ್ಷಣ ಹೇಳಿದರು. ನಮ್ಮ ಹುಡುಗ ಯೋಚಿಸಿದ. ‘ಹೂವು’ ಅಂದ. ನಗಬೇಡಿ. ಪದವನ್ನು ಅವನು ಅರ್ಥವಾಗಿ ಹಿಡಿದಿದ್ದಾನೆ. ಸದ್ದಾಗಿ ಬಿಡಿಸಲು ಆಗುತ್ತಿಲ್ಲ.

ಆಮೇಲೆ ಚಿತ್ರಗಳ ಹಾಳೆ. ಲೋಟ, ಕೊಡೆ, ಬೀಗ, ಪೊರಕೆ. ಅವನ್ನೇ ಹಿಂದೆಮುಂದೆ ಮಾಡಿ ಸಾಲುಸಾಲಾಗಿ ಕೊಟ್ಟಿರುತ್ತಾರೆ, ಬೇಗಬೇಗ ಹೆಸರು ಹೇಳಬೇಕು. ಪೊರಕೆ ಬಂದ ಪ್ರತಿ ಸಲ ಅವನು ನಿಂತ. ‘ಅದೇ... ಅಮ್ಮ ಬೆಳಗ್ಗೆ ಅಂಗಳ ಗುಡಿಸ್ತಾಳಲ್ಲ, ಅದು.’ ಗೊತ್ತಿದೆ, ಆದರೆ ಹೆಸರು ನಾಲಿಗೆಗೆ ಬರಲು ಸುತ್ತು ಹಾಕಿಕೊಂಡು ಬರಬೇಕು.

ಕೊನೆಯದು ಅರ್ಥವಿಲ್ಲದ ಪದಗಳು. ‘ರಬಸು’, ‘ತೊಕ್ಕಿಳಿ’, ‘ಮುಂಜಡೆಗಿ’ ಈ ಥರ. ಯಾವ ಪುಸ್ತಕದಲ್ಲೂ ಇಲ್ಲದ್ದು, ಆದ್ದರಿಂದ ಯಾರೂ ಬಾಯಿಪಾಠ ಮಾಡಿರಲು ಸಾಧ್ಯವಿಲ್ಲದ್ದು. ಹುಡುಗ ಹಾಳೆ ನೋಡಿದ. ಅವಳ ಮುಖ ನೋಡಿದ. ಮತ್ತೆ ಹಾಳೆ ನೋಡಿದ. ‘ಅಕ್ಕ, ಒಂದ್ಸಲ ನೀವು ಓದಿ, ಆಮೇಲೆ ನಾನು ಓದ್ತೀನಿ’ ಅಂದ.

ನಾನು ಎರಡು ವರ್ಷದಲ್ಲಿ ಕಂಡುಹಿಡಿಯದ್ದನ್ನು ಆ ಹುಡುಗಿ ಒಂದು ಹಾಳೆಯಲ್ಲಿ ಹಿಡಿದಳು. ಈ ಭಾಗಕ್ಕೆ ಐದಕ್ಕೆ ಐದು.

ಆದರೆ ಅವಳ ಜೊತೆ ಬಂದಿದ್ದ ಸಂಯೋಜಕರು ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತಿದ್ದ ಮಕ್ಕಳ ಮುಂದೆ ಪಟ್ಟಿ ಹಿಡಿದು, ‘ಡಿಸ್ಲೆಕ್ಸಿಯಾ ಇರೋ ಮಕ್ಕಳು ಈ ಕಡೆ ಬನ್ನಿ, ಫೋಟೋ ತೆಗೀಬೇಕು’ ಅಂದುಬಿಟ್ಟರು. ಮಾರನೇ ದಿನದಿಂದ ಆಟದ ಬಯಲಿನಲ್ಲಿ ‘ಲೇ ಡಿಸ್ಲೆ’ ಅನ್ನೋದು ಬೈಗುಳವಾಯ್ತು. ಅದನ್ನು ಬಿಡಿಸಲು ನನಗೆ ಒಂದು ತಿಂಗಳು ಹಿಡಿಯಿತು. ಫೋಟೋ ತೆಗೆಯಲು ನಾನು ಬಿಡಲಿಲ್ಲ.

41ರಲ್ಲಿ ಒಂಬತ್ತು ಹೆಸರು ಬಂತು. ಜಾಸ್ತಿಯಾಯ್ತು ಅನ್ನಿಸಿತು. ಕೂತು ಒಂದೊಂದೇ ನೋಡಿದೆ. ಇಬ್ಬರು ಒಂದನೇ ಕ್ಲಾಸಿನವರು, ಜೂನ್‌ನಲ್ಲಿ ಬಂದ ಕೂಸುಗಳು. ಎರಡನೇ ಅಕ್ಷರಗುಂಪು ‘ಜವಮಬನ’ವೇ ಮುಗಿಸದವರಿಗೆ ಓದು ಬರಲ್ಲ ಅಂತ ಬರೆದರೆ ಹೇಗೆ? ಮೂವರು ಜೇನುಕುರುಬರ ಹಾಡಿಯ ಮಕ್ಕಳು. ಮನೆಯಲ್ಲಿ ಆಡುವ ನುಡಿ ಬೇರೆ. ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಹೋಗುತ್ತಾರೆ, ತಿಂಗಳುಗಟ್ಟಲೆ ಶಾಲೆ ಇಲ್ಲ. ಅವರಿಗೆ ಡಿಸ್ಲೆಕ್ಸಿಯಾ ಇರಲು ಸಾಧ್ಯವೇ ಇಲ್ಲ ಅನ್ನುತ್ತಿಲ್ಲ. ಪಾಠವೇ ಸಿಗದ ಮಗುವನ್ನೂ ಪಾಠ ಸಿಕ್ಕಿಯೂ ಓದಲಾಗದ ಮಗುವನ್ನೂ ಈ 15 ನಿಮಿಷ ಬೇರೆ ಮಾಡಲಾರದು, ಅಷ್ಟೇ. ಇನ್ನೊಬ್ಬಳಿಗೆ ಬೇಕಾಗಿದ್ದದ್ದು ಕನ್ನಡಕ. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆಯ ಡಾಕ್ಟರು ಬಂದಾಗ ತೋರಿಸಿದೆವು. ಕನ್ನಡಕ ಬಂದ ವಾರಕ್ಕೆ ಅವಳು ಹಿಂದಿನ ಗೋಡೆಗೆ ಒರಗಿಕೊಂಡೇ ಎದುರು ಗೋಡೆಯ ಗಾದೆ ಚಾರ್ಟ್ ಪೂರ್ತಿ ಓದಿದಳು. ಕಣ್ಣು ಕಿವಿ ಮೊದಲು ನೋಡಿ, ಆಮೇಲೆ ಮಿದುಳಿನ ಮಾತು ಆಡಿ. ಇದನ್ನು ಆ ಸಂಸ್ಥೆಗೆ ಬರೆದೂ ಕಳಿಸಿದ್ದೇನೆ.

ಉಳಿದದ್ದು ಮೂವರು. ನಮ್ಮ ಹುಡುಗ, ಐದನೇ ಕ್ಲಾಸಿನ ಒಬ್ಬಳು ಹುಡುಗಿ, ಮೂರನೆಯ ಕ್ಲಾಸಿನ ಇನ್ನೊಬ್ಬ.

ವರದಿ ಬಂದಿದ್ದು ಡಿಸೆಂಬರಿನಲ್ಲಿ. ಬಣ್ಣದ ಕಾಗದ, ಸಂಸ್ಥೆಯ ಮುದ್ರೆ, ಕಂಪನಿಯ ಮುದ್ರೆ, ಗ್ರಾಫು. ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಓದಲು ಕಷ್ಟಪಡುವ ಮಗುವಿನ ಬಗ್ಗೆ, ಇಂಗ್ಲಿಷ್ ಬಾರದ ತಾಯಿಗೆ, ಆರು ಪುಟದ ಇಂಗ್ಲಿಷ್ ವರದಿ. ಹುಡುಗನ ತಾಯಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಸಂಜೆ ಮನೆಗೆ ಬಂದರು. ‘ಮೇಡಂ, ನಮ್ಮೈದಂಗೆ ಕಾಯ್ಲೆ ಏನಾರ ಐತಾ? ಇಷ್ಟೊಂದು ಬರ್ದವ್ರೆ.’ ನಾನು ಅಂಗಳದಲ್ಲಿ ಕೂರಿಸಿ ಹೇಳಿದೆ. ಕಾಯಿಲೆ ಅಲ್ಲ ಅಮ್ಮ. ಮಾತ್ರೆ ಇಲ್ಲ, ಬೇಕಾಗಿಯೂ ಇಲ್ಲ. ಕಣ್ಣಿಗೆ ಅಕ್ಷರ ಸರಿಯಾಗಿಯೇ ಕಾಣುತ್ತದೆ. ಅಕ್ಷರ ಕಂಡ ತಕ್ಷಣ ಸದ್ದು ಹೊಳೆಯಬೇಕಲ್ಲ, ಅದು ಅವನಿಗೆ ತಡವಾಗುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, ‘ಅವ್ರಪ್ಪನೂ ಹಿಂಗೇಯ ಇಸ್ಕೂಲು ಬುಟ್ಟಿದ್ದು’ ಅಂದರು. ಹೌದು, ಇದು ಮನೆತನದಲ್ಲಿ ಹರಿದು ಬರುವುದುಂಟು.

ವರದಿಯ ಕೊನೆಯಲ್ಲಿ ಒಂದು ಸಾಲು: ಹೆಚ್ಚಿನ ಪರೀಕ್ಷೆಗೆ ಆಸ್ಪತ್ರೆಗೆ ಹೋಗಿ. ಎಲ್ಲಿಗೆ, ಯಾವ ವಾರ, ಏನು ತಗೊಂಡು ಹೋಗಬೇಕು, ಒಂದೂ ಇಲ್ಲ. ಮೈಸೂರು ಇಲ್ಲಿಂದ ಒಂದೂವರೆ ಗಂಟೆ. ನಾನೇ ರಜೆ ಹಾಕಿ ಜೊತೆಗೆ ಹೋದೆ. ನಮಗಿಬ್ಬರಿಗೆ ಶಕ್ತಿ ಯೋಜನೆ, ಹುಡುಗನಿಗೆ ಅರ್ಧ ಟಿಕೆಟ್. ಮೊದಲ ಸಲ ಹೋದಾಗ ಸಂಬಂಧಪಟ್ಟವರು ಬರುವ ದಿನ ಅದಲ್ಲ ಅಂದರು. ಎರಡನೇ ಸಲ ಬುದ್ಧಿಮಟ್ಟದ ಪರೀಕ್ಷೆ. ಮೂರನೇ ಸಲ ಓದು, ಬರಹ, ಲೆಕ್ಕ. ತಾಯಿ ಶುಂಠಿ ಹೊಲದ ಕೂಲಿ ಮೂರು ದಿನ ಬಿಟ್ಟರು. ಒಂದು ದಿನಕ್ಕೆ 400 ರೂಪಾಯಿ.

ಒಂದು ವಿಷಯ ಎಲ್ಲ ಟೀಚರುಗಳಿಗೂ ಗೊತ್ತಿರಬೇಕು. 2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡುವುದು ಎಂಟು ವರ್ಷ ತುಂಬಿದ ಮೇಲೆ. ಆಮೇಲೆ 14ಕ್ಕೆ, 18ಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಗೆ ನಿಮ್ಹಾನ್ಸ್‌ನವರ ಪ್ರಶ್ನಾಸರಣಿ ಬಳಸಬೇಕು ಅಂತಲೂ ಅದರಲ್ಲೇ ಇತ್ತು. ಪ್ರಮಾಣಪತ್ರ ಇದ್ದರೆ ಮುಂದೆ ದೊಡ್ಡ ಪರೀಕ್ಷೆಗಳಲ್ಲಿ ಗಂಟೆಗೆ ಕಡಿಮೆ ಅಂದರೂ 20 ನಿಮಿಷ ಹೆಚ್ಚುವರಿ ಸಮಯ ಕೇಳಬಹುದು, ಬರೆಯುವವರನ್ನೂ ಕೇಳಬಹುದು. ನಮ್ಮ ಹುಡುಗನಿಗೆ ಒಂಬತ್ತಾಗಿತ್ತು, ಸಿಕ್ಕಿತು. ಆದರೆ ಏಳು ವರ್ಷದ ಮಗುವಿನ ತಂದೆ ತಾಯಿಗೆ ‘ಸರ್ಟಿಫಿಕೇಟ್ ಮಾಡಿಸಿ’ ಅಂತ ಅದೇ ತಂಡ ಇನ್ನೊಂದು ಶಾಲೆಯಲ್ಲಿ ಹೇಳಿ ಕಳಿಸಿ, ಅವರು ಮೈಸೂರಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದರು.

ಇನ್ನು ಪಾಠದ ವಿಷಯ. ಬರೆಯಲು ನನಗೆ ಖುಷಿಯಿರುವುದು ಇದರ ಬಗ್ಗೆಯೇ.

ಚಾಮರಾಜನಗರದ ಆ ಹುಡುಗಿ ಮಂಗಳವಾರ, ಶುಕ್ರವಾರ ಬರುತ್ತಿದ್ದಳು. ಒಂದು ಟ್ಯಾಬ್ ತಂದಿದ್ದಳು, ಅದರಲ್ಲಿ ಅಕ್ಷರದ ಆಟಗಳು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ನೆಟ್‌ವರ್ಕ್ ಇದ್ದರೆ ಕರೆಂಟ್ ಇಲ್ಲ, ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ. ಎರಡನೇ ವಾರದಿಂದ ಅದು ಬೀರುವಿನಲ್ಲಿ. ಕೆಲಸಕ್ಕೆ ಬಂದಿದ್ದು ಅವಳ ಬಟ್ಟೆ ಚೀಲದೊಳಗಿದ್ದ ಸಾಮಾನು: ಅಂಚಿರುವ ಸ್ಟೀಲ್ ತಟ್ಟೆ, ಜರಡಿ ಹಿಡಿದ ಮರಳು, ರಬ್ಬರ್ ಬ್ಯಾಂಡು, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳು.

ಸೊನ್ನೆಯನ್ನು ಅವಳು ಕಲಿಸಿದ್ದು ಮೂಗಿನಿಂದ. ‘ಅಗಡಿ ಅನ್ನು, ಮೂಗಿನ ಮೇಲೆ ಬೆರಳಿಡು. ಈಗ ಅಂಗಡಿ ಅನ್ನು.’ ಹುಡುಗ ಬೆರಳು ಇಟ್ಟುಕೊಂಡೇ ನಾಲ್ಕು ಸಲ ಅಂದ. ‘ಅಕ್ಕ, ಮೂಗು ಗುಂಯ್ ಅಂತದೆ!’ ಅಂದ. ಗುಂಯ್ ಅಂದಾಗ ಸೊನ್ನೆ. ಅಷ್ಟೇ ನಿಯಮ. ದೀರ್ಘಕ್ಕೆ ರಬ್ಬರ್ ಬ್ಯಾಂಡು. ‘ಹೊ’ ಅಂದರೆ ಸುಮ್ಮನೆ ಹಿಡಿ, ‘ಹೋ’ ಅಂದರೆ ಎಳಿ. ಕೈ ಎಳೆದರೆ ದೀರ್ಘದ ಗುರುತು ಹಾಕಬೇಕು. ಒತ್ತಕ್ಷರಕ್ಕೆ ಚಪ್ಪಾಳೆ. ‘ಬೆಲ’ಕ್ಕೂ ಎರಡೇ ಚಪ್ಪಾಳೆ, ‘ಬೆಲ್ಲ’ಕ್ಕೂ ಎರಡೇ. ಆದರೆ ‘ಬೆಲ್ಲ’ದಲ್ಲಿ ಮೊದಲ ಚಪ್ಪಾಳೆ ಹೊಡೆದ ಕೈ ಅಂಟಿಕೊಂಡೇ ಇರಬೇಕು, ಬಿಡಿಸಿದ ಮೇಲೆ ಎರಡನೆಯದು. ಆ ಅಂಟಿನ ಜಾಗದಲ್ಲೇ ಒತ್ತು ಕೂರುವುದು. ನಾನು ಇಷ್ಟು ವರ್ಷ ‘ಒತ್ತು ಹಾಕೋ, ಒತ್ತು ಹಾಕೋ’ ಅಂತ ಕೂಗಿದ್ದೇನೆಯೇ ಹೊರತು, ಒತ್ತು ಎಲ್ಲಿ ಕೇಳಿಸುತ್ತದೆ ಅಂತ ಯಾವತ್ತೂ ತೋರಿಸಿರಲಿಲ್ಲ.

ಮರಳಿನ ತಟ್ಟೆ ನೋಡಿ ನಮ್ಮ ಹೆಡ್‌ಮಾಸ್ಟರ್, ‘ಇದು ಕೂಲಿಮಠದ ಕಾಲದ್ದಲ್ವಾ’ ಅಂದರು. ಹೌದು. ಮರಳಿನ ಮೇಲೆ ಬೆರಳಿಟ್ಟು ತಿದ್ದಿಸುವುದು ನಮ್ಮ ಮುತ್ತಜ್ಜಂದಿರ ಪದ್ಧತಿಯೇ. ಅಮೆರಿಕದಲ್ಲಿ ಆರ್ಟನ್ ಅನ್ನುವ ಡಾಕ್ಟರು, ಗಿಲ್ಲಿಂಗ್‌ಹ್ಯಾಮ್ ಅನ್ನುವ ಟೀಚರು ಸೇರಿ 1930ರ ದಶಕದಲ್ಲಿ ಇದೇ ಥರ ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ಹೂಡುವ ಕ್ರಮ ಕಟ್ಟಿದರು. ಈಗ ಅದು ಸುತ್ತಿಕೊಂಡು ಸಿಎಸ್‌ಆರ್ ಹಣದಲ್ಲಿ ಎಚ್.ಡಿ. ಕೋಟೆಗೆ ಬಂದಿದೆ. ಬರಲಿ ಬಿಡಿ.

ಮೂವರಿಗಾಗಿ ಶುರುವಾದ ಪಾಠಕ್ಕೆ ನಾನು ಹಾಡಿಯ ಮೂರು ಮಕ್ಕಳನ್ನೂ ಊರಲ್ಲಿದ್ದಾಗಲೆಲ್ಲ ಸೇರಿಸಿದೆ. ಅವಳು ಬೇಡ ಅನ್ನಲಿಲ್ಲ, ಲೆಕ್ಕದಲ್ಲಿ ತೋರಿಸಲೂ ಇಲ್ಲ. ಮೂಗಿನ ಪಾಠ ಎಲ್ಲರಿಗೂ ಕೆಲಸ ಮಾಡಿತು. ಹೀಗೆ ಹೇಳಿದರೆ ಪಂಡಿತರು ಒಪ್ಪುತ್ತಾರೋ ಇಲ್ಲವೋ, ನಮ್ಮಂಥ ಶಾಲೆಯಲ್ಲಿ ಡಿಸ್ಲೆಕ್ಸಿಯಾ ಮಗುವಿಗೆ ಮಾಡುವ ಪಾಠ ಉಳಿದ ಮಕ್ಕಳಿಗೆ ಯಾವ ನಷ್ಟವನ್ನೂ ಮಾಡುವುದಿಲ್ಲ.

ಮಾರ್ಚ್ ಮೂರನೇ ವಾರ ಪಾಠ ನಿಂತಿತು. ಮೊದಲೇ ಹೇಳಿರಲಿಲ್ಲ. ಶುಕ್ರವಾರ ಹುಡುಗ ಗೇಟಿನ ಹತ್ತಿರ ಕಾದು ನಿಂತಿದ್ದ. ಫೋನ್ ಮಾಡಿದೆ. ‘ಮೇಡಂ, ಕಂಪನಿ ವರ್ಷ ಮುಗೀತು, ಪ್ರಾಜೆಕ್ಟ್ ಕ್ಲೋಸ್ ಅಂದ್ರು, ನನಗೂ ನಿನ್ನೆ ಗೊತ್ತಾಗಿದ್ದು’ ಅಂದಳು, ಅಳುವ ದನಿಯಲ್ಲಿ. ಟ್ಯಾಬ್ ವಾಪಸ್ ತಗೊಂಡು ಹೋಗಲು ಮಾತ್ರ ಗಾಡಿ ಸರಿಯಾದ ಸಮಯಕ್ಕೆ ಬಂತು. ತಟ್ಟೆ, ಮರಳು, ಉಪ್ಪುಕಾಗದದ ಅಕ್ಷರ ಇಲ್ಲೇ ಉಳಿದವು. ಅವಕ್ಕೆ ಲೆಕ್ಕ ಇರಲಿಲ್ಲವಂತೆ.

ಈಗ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ 20 ನಿಮಿಷ ನಾನೇ ಮಾಡುತ್ತೇನೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲ್ಲೂಕಿಗಿರುವ ಟೀಚರು, ಬಿಐಇಆರ್‌ಟಿ ಸರ್, ತಿಂಗಳಿಗೊಮ್ಮೆ ಬಂದು ಕೂರುತ್ತಾರೆ. ಅವರಿಗೆ ಇಡೀ ತಾಲ್ಲೂಕು ಇದೆ, ಪಾಪ, ಎಷ್ಟು ಕಡೆ ಓಡಾಡುತ್ತಾರೆ. ಹುಡುಗ ಈಗ ಐದನೇ ಕ್ಲಾಸು. ಸರಾಗವಾಗಿ ಓದುತ್ತಾನೆ ಅಂದರೆ ಸುಳ್ಳಾಗುತ್ತದೆ. ಒಂದು ಪುಟಕ್ಕೆ ಎಂಟು ನಿಮಿಷ, ಬೆರಳೂ ಬಾಯೂ ಒಟ್ಟಿಗೆ ನಡೆಯುತ್ತವೆ. ಬಿಸಿಯೂಟದ ಬೋರ್ಡ್ ಬರೆಯುವ ಕೆಲಸ ಅವನೇ ಕೇಳಿ ತಗೊಂಡ. ಹೋದ ವಾರ ‘ಅನ್ನ, ಸಾಂಬಾರು, ಮೊಟೆ’ ಅಂತ ಬರೆದಿದ್ದ. ಅನ್ನಕ್ಕೆ ಒತ್ತು ಇತ್ತು, ಸಾಂಬಾರಿಗೆ ಸೊನ್ನೆ ಇತ್ತು. ನಾನು ಏನೂ ಹೇಳಲಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವನು ಅಲ್ಲಿಂದಲೇ ಬೋರ್ಡ್ ನೋಡಿದ, ತಟ್ಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡು ಚಪ್ಪಾಳೆ ಹೊಡೆದ, ‘ಅಯ್ಯೋ’ ಅಂತ ಓಡಿಹೋಗಿ ಕೆಳಗೊಂದು ಒತ್ತು ನೇತುಹಾಕಿ ಬಂದ. ಅಷ್ಟರಲ್ಲಿ ಸಾಲಿನಲ್ಲಿ ಅವನ ಜಾಗ ಹೋಗಿತ್ತು, ಅದಕ್ಕೊಂದು ಜಗಳವೂ ಆಯ್ತು.

ಮೂರೂವರೆ ಅಂಕ ಯಾಕೆ ಅಂತ ಕೇಳಿದರೆ ಇಷ್ಟೇ. ಆ ಹುಡುಗಿಗೆ ಐದು, ಆ ಪಟ್ಟಿಗೂ ಆ ವರದಿಗೂ ಎರಡು. ನಿಮ್ಮಲ್ಲಿಗೆ ಇಂಥವರು ಬಂದರೆ ಬರಮಾಡಿಕೊಳ್ಳಿ. ಆದರೆ ಟೀ ಕೊಡುವ ಮುಂಚೆ ಮೂರು ವಿಷಯ ಕೇಳಿ: ಪಟ್ಟಿ ಕನ್ನಡಕ್ಕೇ ಮಾಡಿದ್ದಾ, ಪಾಠ ಯಾವ ತಿಂಗಳಿನವರೆಗೆ, ಹೋಗುವಾಗ ಏನು ಬಿಟ್ಟು ಹೋಗುತ್ತೀರಿ.

ಮೊನ್ನೆ ಸಂಯೋಜಕರು ಫೋನ್ ಮಾಡಿದ್ದರು. ಹೊಸ ಕಂಪನಿ ಸಿಕ್ಕಿದೆಯಂತೆ, ಮತ್ತೆ ಬರಬಹುದಾ ಅಂದರು. ಖಂಡಿತ ಬನ್ನಿ, ಅದೇ ಹುಡುಗಿಯನ್ನು ಕಳಿಸಿ, ವರದಿ ಕನ್ನಡದಲ್ಲಿ ಕೊಡಿ ಅಂದೆ. ‘ಹುಡುಗಿ ಕೆಲಸ ಬಿಟ್ಟಿದ್ದಾಳೆ ಮೇಡಂ. ವರದಿ ನೋಡ್ತೀವಿ’ ಅಂದರು.